ಒಂದು ವಸ್ತು, ಹಲವು ಹೆಸರು

ಹೆಸರಿಲ್ಲದ ವಸ್ತುವನ್ನು ಕುರಿತು ಮಾತನಾಡುವುದು ಕಷ್ಟ. ಹೆಸರು ಹೆಚ್ಚಾದ ವಸ್ತುವನ್ನು ಹುಡುಕುವುದು ಇನ್ನೂ ಕಷ್ಟ. ಕನ್ನಡದಲ್ಲಿ ನೀರಿಗೆ ಜಲ, ಉದಕ, ವಾರಿ, ಸಲಿಲ ಎಂದು ಅನೇಕ ಹೆಸರುಗಳುಂಟು. ಕವಿಗೆ ಇದು ಐಶ್ವರ್ಯ. ಪ್ರಾಸಕ್ಕೆ, ಛಂದಸ್ಸಿಗೆ, ಭಾವಕ್ಕೆ ಒಪ್ಪುವ ಮಾತನ್ನು ಅವನು ಇವುಗಳಲ್ಲಿ ಆರಿಸಿಕೊಳ್ಳುತ್ತಾನೆ. ಆದರೆ ಗ್ರಂಥಪಾಲಕನೊಬ್ಬನು ನೀರನ್ನು ಕುರಿತ ಪುಸ್ತಕಗಳಲ್ಲಿ ಕೆಲವನ್ನು 'ನೀರು' ಎಂಬ ತಲೆಬರಹದಡಿಯಲ್ಲಿಯೂ, ಕೆಲವನ್ನು 'ಜಲ' ಎಂಬುದರಡಿಯಲ್ಲಿಯೂ, ಮತ್ತೆ ಕೆಲವನ್ನು 'ಉದಕ' ಎಂಬುದರಡಿಯಲ್ಲಿಯೂ ನಮೂದಿಸಿದನೆಂದರೆ ಓದುಗನ ಪಾಡೇನು? ಅವನು 'ನೀರು' ಎಂದು ಹುಡುಕಿ, ಸಿಕ್ಕಿದ ನಾಲ್ಕು ಪುಸ್ತಕಗಳೇ ಎಲ್ಲವೂ ಎಂದು ನಂಬಿ ಹಿಂತಿರುಗುತ್ತಾನೆ. ಉಳಿದವು ಅದೇ ಕೋಣೆಯಲ್ಲಿದ್ದರೂ ಅವನ ಪಾಲಿಗೆ ಇಲ್ಲದಂತೆಯೇ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇದರ ವಿರುದ್ಧವಾದ ತೊಡಕೂ ಒಂದುಂಟು. ಒಂದೇ ಹೆಸರು ಹಲವು ವಸ್ತುಗಳನ್ನು ಸೂಚಿಸಬಹುದು. 'ಕರಿ' ಎಂದರೆ ಕಪ್ಪು, ಆನೆಯೂ ಹೌದು, ಎಣ್ಣೆಯಲ್ಲಿ ಬೇಯಿಸು ಎಂಬ ಅರ್ಥವೂ ಅದಕ್ಕಿದೆ. 'ಹತ್ತು' ಎಂಬುದು ಸಂಖ್ಯೆಯೂ ಆಗಬಹುದು, ಮೇಲೇರುವ ಕ್ರಿಯೆಯೂ ಆಗಬಹುದು. ಪ್ರಾಚೀನ ನಿಘಂಟುಕಾರರು ಈ ಎರಡು ತೊಡಕುಗಳನ್ನೂ ಚೆನ್ನಾಗಿ ಅರಿತಿದ್ದರು. ಸಂಸ್ಕೃತದ ಅಮರಕೋಶದಲ್ಲಿ ಒಂದೇ ಅರ್ಥದ ಪದಗಳನ್ನು ವಿಷಯಾನುಸಾರವಾಗಿ ವರ್ಗಗಳಲ್ಲಿ ಒಟ್ಟುಗೂಡಿಸಿದೆ. ಹಲವು ಅರ್ಥಗಳುಳ್ಳ ಪದಗಳಿಗೆ ನಾನಾರ್ಥವರ್ಗವೆಂಬ ಬೇರೊಂದು ವಿಭಾಗವನ್ನೇ ಮೀಸಲಿಟ್ಟಿದೆ. ಜ್ಞಾನದ ರಾಶಿ ಬೆಳೆದಂತೆಲ್ಲ ಇದೇ ಸಮಸ್ಯೆ ಹೊಸ ಹೊಸ ವೇಷಗಳಲ್ಲಿ ಮತ್ತೆ ಮತ್ತೆ ತಲೆದೋರಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಪುಸ್ತಕಗಳ ಸಂಖ್ಯೆ ಮಿತಿಮೀರಿ ಹೆಚ್ಚಿದಾಗ, ಗ್ರಂಥಾಲಯಗಳು ಈ ಸಮಸ್ಯೆಯನ್ನು ಎದುರಿಸಬೇಕಾಯಿತು. ಅಮೆರಿಕದ ಬಾಸ್ಟನ್ ನಗರದ ಗ್ರಂಥಪಾಲಕರಾಗಿದ್ದ ಚಾರ್ಲ್ಸ್ ಆಮಿ ಕಟರ್ ಎಂಬವರು 1876ರಲ್ಲಿ ಗ್ರಂಥಸೂಚಿಯ ನಿಯಮಗಳನ್ನು ಪ್ರಕಟಿಸಿದರು. ಓದುಗನಿಗೆ ಗ್ರಂಥಕರ್ತನ ಹೆಸರಾಗಲಿ, ಗ್ರಂಥದ ಹೆಸರಾಗಲಿ, ವಿಷಯವಾಗಲಿ, ಇವುಗಳಲ್ಲಿ ಒಂದು ತಿಳಿದಿದ್ದರೂ ಗ್ರಂಥವು ಅವನ ಕೈಗೆ ದೊರೆಯಬೇಕೆಂಬುದು ಅವರ ಧ್ಯೇಯವಾಗಿತ್ತು. ಸಮಾನಾರ್ಥಕ ಪದಗಳಲ್ಲಿ ಒಂದನ್ನು ಮಾತ್ರ ತಲೆಬರಹವಾಗಿ ಆರಿಸಿಕೊಳ್ಳಬೇಕು. ಉಳಿದ ಪದಗಳ ಜಾಗದಲ್ಲಿ 'ಇಂಥದನ್ನು ನೋಡಿ' ಎಂಬ ಸೂಚನೆಯನ್ನಿಡಬೇಕು. ಇದು ಅವರು ಕಂಡುಕೊಂಡ ಪರಿಹಾರ. ಹೀಗೆ ಮಾಡಿದರೆ ಓದುಗನು ಯಾವ ಬಾಗಿಲಿನಿಂದ ಪ್ರವೇಶಿಸಿದರೂ ಒಂದೇ ಅಂಗಳವನ್ನು ತಲಪುತ್ತಾನೆ.

ಈ ಪರಿಹಾರದ ಬೆಲೆ ವೈದ್ಯಶಾಸ್ತ್ರದಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಜನರು 'ಹೃದಯಾಘಾತ' ಎನ್ನುವುದನ್ನು ವೈದ್ಯರು ಬೇರೊಂದು ಶಾಸ್ತ್ರೀಯ ನಾಮದಿಂದ ಕರೆಯುತ್ತಾರೆ. ಒಂದೇ ರೋಗವನ್ನು ಕುರಿತ ಲೇಖನಗಳು ಬೇರೆ ಬೇರೆ ಹೆಸರುಗಳಡಿಯಲ್ಲಿ ಚದರಿಹೋದರೆ, ಚಿಕಿತ್ಸೆಯ ಹೊಸ ವಿಧಾನವೊಂದು ಪ್ರಕಟವಾಗಿದ್ದರೂ ಅದು ವೈದ್ಯರ ಕಣ್ಣಿಗೆ ಬೀಳದೆ ಹೋಗಬಹುದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1960ರಲ್ಲಿ ವೈದ್ಯಕೀಯ ವಿಷಯನಾಮಗಳ ಒಂದು ಪಟ್ಟಿಯನ್ನು ಹೊರತಂದಿತು. ಅಂದಿನಿಂದ ಇಂದಿನವರೆಗೂ ಆ ಪಟ್ಟಿಯನ್ನು ತಿದ್ದುತ್ತ, ಬೆಳೆಸುತ್ತ ಬರಲಾಗಿದೆ. ಇಂದು ಅಲ್ಲಿ 'ಹೃದಯಾಘಾತ' ಎಂದು ಹುಡುಕಿದವರನ್ನೂ ಶಾಸ್ತ್ರೀಯ ನಾಮದಿಂದ ಹುಡುಕಿದವರನ್ನೂ ಆ ಪಟ್ಟಿ ಒಂದೇ ಕಡೆಗೆ ಕರೆದೊಯ್ಯುತ್ತದೆ.

ಭಾರತದಲ್ಲಿ ಈ ಶಾಸ್ತ್ರಕ್ಕೆ ಭದ್ರವಾದ ಬುನಾದಿಯನ್ನು ಹಾಕಿದವರು ಶಿಯಾಳಿ ರಾಮಾಮೃತ ರಂಗನಾಥನ್. 1892ರಲ್ಲಿ ತಮಿಳುನಾಡಿನಲ್ಲಿ ಜನಿಸಿದ ಅವರು ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳು ಇಂದಿಗೂ ಗ್ರಂಥಾಲಯಶಾಸ್ತ್ರದ ಮೂಲಪಾಠಗಳಾಗಿವೆ. ಓದುಗನ ಸಮಯ ಉಳಿಯಬೇಕೆಂಬುದು ಆ ಸೂತ್ರಗಳಲ್ಲೊಂದು. 1962ರಲ್ಲಿ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ದಾಖಲೆಶಾಸ್ತ್ರದ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರವೊಂದು ಸ್ಥಾಪನೆಯಾಯಿತು. ಬಾಳಿನ ಕೊನೆಯ ವರ್ಷಗಳನ್ನು ಅವರು ಆ ನಗರದಲ್ಲಿಯೇ ಕಳೆದು, 1972ರಲ್ಲಿ ಅಲ್ಲಿಯೇ ನಿಧನರಾದರು. ವಿಷಯವೊಂದರ ಹೆಸರನ್ನು ಹೇಗೆ ಬಿಡಿಸಬೇಕು, ಹೇಗೆ ಕೂಡಿಸಬೇಕು ಎಂಬ ಚಿಂತನೆಯೇ ಅವರ ಜೀವಮಾನದ ಸಾಧನೆಯ ತಿರುಳು.

ರಂಗನಾಥನ್ ಅವರ ಕಾಲದಲ್ಲಿ ಹೆಸರುಗಳನ್ನು ನಿರ್ಧರಿಸುವ ಕಾರ್ಯ ತರಬೇತಿ ಪಡೆದ ಕೆಲವರ ಕೈಯಲ್ಲಿತ್ತು. ಇಪ್ಪತ್ತೊಂದನೆಯ ಶತಮಾನದಲ್ಲಿ ಅಂತರಜಾಲವು ಈ ಕಾರ್ಯವನ್ನು ಸಾಮಾನ್ಯ ಜನರ ಕೈಗೆ ತಂದುಕೊಟ್ಟಿತು. ಇದರಿಂದಾದ ಲಾಭವನ್ನೂ ತೊಡಕನ್ನೂ ಅರಿಯಲು ಒಂದು ಉದಾಹರಣೆ ಸಾಕು. 2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯಲ್ ಸ್ಪೋಲ್‌ಸ್ಕಿ ಎಂಬ ಇಬ್ಬರು ಅಮೆರಿಕದ ತಂತ್ರಜ್ಞರು 'ಸ್ಟಾಕ್ ಓವರ್‌ಫ್ಲೋ' ಎಂಬ ಪ್ರಶ್ನೋತ್ತರ ತಾಣವನ್ನು ಆರಂಭಿಸಿದರು. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆಯುವವರು ತಮಗೆ ಎದುರಾದ ತೊಡಕುಗಳನ್ನು ಅಲ್ಲಿ ಪ್ರಶ್ನೆಯ ರೂಪದಲ್ಲಿ ಇಡುತ್ತಾರೆ; ಬಲ್ಲವರು ಪ್ರತಿಫಲವಿಲ್ಲದೆ ಉತ್ತರಿಸುತ್ತಾರೆ. ಅಲ್ಲಿ ಸಂಗ್ರಹವಾಗಿರುವ ಪ್ರಶ್ನೆಗಳು ಎರಡು ಕೋಟಿಗೂ ಮಿಕ್ಕಿವೆ.

ಇಷ್ಟು ದೊಡ್ಡ ರಾಶಿಯನ್ನು ವಿಂಗಡಿಸುವ ಉಪಾಯವೆಂದರೆ 'ಟ್ಯಾಗ್' ಎಂಬ ಗುರುತುಚೀಟಿ. ಪ್ರಶ್ನೆ ಕೇಳುವವನು ತನ್ನ ಪ್ರಶ್ನೆ ಯಾವ ವಿಷಯಕ್ಕೆ ಸಂಬಂಧಿಸಿದ್ದೆಂದು ತಿಳಿಸುವ ಚೀಟಿಗಳನ್ನು ತಾನೇ ಅದಕ್ಕೆ ಅಂಟಿಸಬೇಕು. ಒಂದಾದರೂ ಇರಬೇಕು, ಐದನ್ನು ಮೀರಬಾರದು. ಜಾವಾ ಭಾಷೆಯ ಪ್ರಶ್ನೆಗೆ 'ಜಾವಾ', ಪೈಥಾನ್ ಭಾಷೆಯ ಪ್ರಶ್ನೆಗೆ 'ಪೈಥಾನ್' ಎಂದು ಚೀಟಿ ಹಚ್ಚುವುದು ಸುಲಭವಾಗಿ ತೋರುತ್ತದೆ. ಆದರೆ ಪ್ರಪಂಚದ ಮೂಲೆ ಮೂಲೆಗಳಿಂದ ಬರುವ ಲಕ್ಷಾಂತರ ಜನರು ಒಂದೇ ವಸ್ತುವನ್ನು ಒಂದೇ ಹೆಸರಿನಿಂದ ಕರೆಯುವರೆಂದು ನಿರೀಕ್ಷಿಸುವಂತಿಲ್ಲ. ಒಬ್ಬನು 'ಜಾವಾಸ್ಕ್ರಿಪ್ಟ್' ಎಂದು ಪೂರ್ಣವಾಗಿ ಬರೆದರೆ, ಇನ್ನೊಬ್ಬನು 'ಜೆಎಸ್' ಎಂದು ಚುಟುಕಾಗಿ ಬರೆಯುತ್ತಾನೆ. 'ಪೋಸ್ಟ್‌ಗ್ರೆಸ್' ಎಂದು ಒಬ್ಬನೂ 'ಪೋಸ್ಟ್‌ಗ್ರೆಸ್‌ಕ್ಯೂಎಲ್' ಎಂದು ಮತ್ತೊಬ್ಬನೂ ಒಂದೇ ದತ್ತಾಂಶ ವ್ಯವಸ್ಥೆಯನ್ನು ಹೆಸರಿಸುತ್ತಾರೆ. ಗೂಗಲ್ ಸಂಸ್ಥೆಯಲ್ಲಿ ಹುಟ್ಟಿದ 'ಗೋ' ಭಾಷೆಯನ್ನು ಅನೇಕರು 'ಗೋಲ್ಯಾಂಗ್' ಎನ್ನುತ್ತಾರೆ.

ಇದರಿಂದ ಆಗುವ ಹಾನಿ ಎರಡು ಬಗೆಯದು. ಮೊದಲನೆಯದಾಗಿ, ಹಿಂದೆಯೇ ಉತ್ತರ ದೊರೆತಿರುವ ಪ್ರಶ್ನೆಯು ಬೇರೊಂದು ಹೆಸರಿನಡಿಯಲ್ಲಿ ಅಡಗಿದ್ದರೆ, ಹೊಸಬನು ಅದನ್ನು ಕಾಣದೆ ಮತ್ತೆ ಅದನ್ನೇ ಕೇಳುತ್ತಾನೆ. ಎರಡನೆಯದು ಇನ್ನೂ ಗಂಭೀರವಾದುದು. ಉತ್ತರಿಸುವ ಪರಿಣತರು ಎಲ್ಲ ಪ್ರಶ್ನೆಗಳನ್ನೂ ಓದುವುದಿಲ್ಲ. ಅದು ಸಾಧ್ಯವೂ ಅಲ್ಲ. ತಾವು ಬಲ್ಲ ವಿಷಯದ ಟ್ಯಾಗನ್ನು ಆರಿಸಿಕೊಂಡು, ಆ ಚೀಟಿಯುಳ್ಳ ಪ್ರಶ್ನೆಗಳನ್ನು ಮಾತ್ರ ಗಮನಿಸುತ್ತಾರೆ. ಅಪರೂಪದ ಹೆಸರಿನ ಚೀಟಿಯನ್ನು ಹೊತ್ತ ಪ್ರಶ್ನೆ ಅವರ ಮುಂದೆ ಹಾಯುವುದೇ ಇಲ್ಲ. ಆಗಷ್ಟೇ ಕಲಿಯತೊಡಗಿರುವ ವಿದ್ಯಾರ್ಥಿಗೆ ರೂಢಿಯ ಹೆಸರು ತಿಳಿದಿರುವುದಿಲ್ಲ. ಆದುದರಿಂದ ತಪ್ಪು ಚೀಟಿ ಹಚ್ಚುವವನೂ ಅವನೇ, ಉತ್ತರವಿಲ್ಲದೆ ಉಳಿಯುವವನೂ ಅವನೇ. ಸಹಾಯ ಯಾರಿಗೆ ಹೆಚ್ಚು ಅಗತ್ಯವೋ ಅವರೇ ಅದರಿಂದ ವಂಚಿತರಾಗುತ್ತಾರೆ. ಟ್ಯಾಗುಗಳನ್ನು ಅಚ್ಚುಕಟ್ಟುಗೊಳಿಸುವುದು ಕೇವಲ ಅಂದಕ್ಕಾಗಿ ಮಾಡುವ ಕೆಲಸವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಈ ಗೊಂದಲವನ್ನು ತಡೆಯಲು ಆ ತಾಣದವರು ಮೊದಲು ಹೆಸರು ಹುಟ್ಟುವಲ್ಲಿಯೇ ಒಂದು ಕಟ್ಟೆಯನ್ನು ಕಟ್ಟಿದರು. ಇರುವ ಟ್ಯಾಗುಗಳನ್ನು ಯಾರಾದರೂ ಬಳಸಬಹುದು. ಹೊಸ ಟ್ಯಾಗನ್ನು ಸೃಷ್ಟಿಸುವ ಅಧಿಕಾರ ಮಾತ್ರ ಒಳ್ಳೆಯ ಪ್ರಶ್ನೋತ್ತರಗಳಿಂದ ಮನ್ನಣೆಯ ಅಂಕಗಳನ್ನು ಗಳಿಸಿದವರಿಗೆ ಮೀಸಲು. ಮೊದಮೊದಲು ಕಡಿಮೆಯಿದ್ದ ಈ ಮಿತಿಯನ್ನು ಬಳಿಕ 1500 ಅಂಕಗಳಿಗೆ ಏರಿಸಲಾಯಿತು. ಇಷ್ಟಾದರೂ ಟ್ಯಾಗುಗಳ ಸಂಖ್ಯೆ ಹತ್ತಾರು ಸಾವಿರಗಳನ್ನು ದಾಟಿತು.

ಎರಡನೆಯ ಉಪಾಯ, ಕಟರ್ ಅವರು ಹೇಳಿದ 'ಇಂಥದನ್ನು ನೋಡಿ' ಎಂಬ ಸೂಚನೆಯ ಹೊಸ ರೂಪ. 2010ರಲ್ಲಿ ಅಲ್ಲಿ ಟ್ಯಾಗುಗಳ ಪರ್ಯಾಯನಾಮ ವ್ಯವಸ್ಥೆ ಜಾರಿಗೆ ಬಂದಿತು. ಸಮಾನಾರ್ಥಕವಾದ ಹೆಸರುಗಳಲ್ಲಿ ಒಂದನ್ನು ಪ್ರಧಾನವೆಂದು ನಿರ್ಧರಿಸಿ, ಉಳಿದವನ್ನು ಅದರ ಪರ್ಯಾಯಗಳೆಂದು ದಾಖಲಿಸಲಾಗುತ್ತದೆ. ಅನಂತರ ಯಾರಾದರೂ 'ಜೆಎಸ್' ಎಂದು ಬರೆದರೆ, ಯಂತ್ರವೇ ಅದನ್ನು 'ಜಾವಾಸ್ಕ್ರಿಪ್ಟ್' ಎಂದು ಬದಲಿಸುತ್ತದೆ. ಇಂಥ ಸಲಹೆಯನ್ನು ಮುಂದಿಡುವವರಿಗೆ ಆ ವಿಷಯದಲ್ಲಿ ಉತ್ತರಗಳನ್ನು ಬರೆದು ಒಪ್ಪಿಗೆ ಪಡೆದ ಅನುಭವವಿರಬೇಕು. ಅದೇ ವಿಷಯವನ್ನು ಬಲ್ಲ ಇತರರು ಮತ ನೀಡಿ ಅದನ್ನು ಅನುಮೋದಿಸಬೇಕು. ಬರಿಯ ಪರ್ಯಾಯವೆಂದು ದಾಖಲಿಸುವುದು ಸೌಮ್ಯವಾದ ಕ್ರಮ. ತಪ್ಪೆಂದು ಕಂಡರೆ ಅದನ್ನು ರದ್ದುಗೊಳಿಸಬಹುದು. ಹಳೆಯ ಪ್ರಶ್ನೆಗಳನ್ನೂ ಪ್ರಧಾನ ಹೆಸರಿನಡಿಗೆ ತಂದು ಎರಡು ಟ್ಯಾಗುಗಳನ್ನು ವಿಲೀನಗೊಳಿಸುವುದಾದರೋ ಕಠಿನವಾದ ಕ್ರಮ. ಎರಡು ಕೊಡಗಳ ನೀರನ್ನು ಒಂದೇ ಹಂಡೆಗೆ ಸುರಿದ ಮೇಲೆ, ಯಾವ ನೀರು ಯಾವ ಕೊಡದ್ದೆಂದು ಮತ್ತೆ ಬೇರ್ಪಡಿಸಲಾದೀತೆ?

ಆದುದರಿಂದ ವಿಲೀನಕ್ಕೆ ಮುನ್ನ ಎರಡು ಹೆಸರುಗಳು ನಿಜವಾಗಿಯೂ ಒಂದೇ ವಸ್ತುವಿನವೇ ಎಂದು ಪರೀಕ್ಷಿಸುವುದು ಅಗತ್ಯ. ಬೆಳ್ಳಗಿರುವುದೆಲ್ಲ ಹಾಲಲ್ಲ. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎಂಬ ಹೆಸರುಗಳು ಅಣ್ಣತಮ್ಮಂದಿರಂತೆ ಕಂಡರೂ ಅವು ಬೇರೆ ಬೇರೆ ಭಾಷೆಗಳು. 'ಆಂಗ್ಯುಲರ್‌ಜೆಎಸ್' ಮತ್ತು 'ಆಂಗ್ಯುಲರ್' ಎಂಬ ಹೆಸರುಗಳ ವಿಷಯದಲ್ಲಿ ಮೋಸಹೋಗುವುದು ಇನ್ನೂ ಸುಲಭ. ಮೊದಲನೆಯದು 2010ರಲ್ಲಿ ಬೆಳಕಿಗೆ ಬಂದ ಹಳೆಯ ಚೌಕಟ್ಟು. ಎರಡನೆಯದು ಅದನ್ನು ಬುಡದಿಂದ ಹೊಸದಾಗಿ ಬರೆದು 2016ರಲ್ಲಿ ಬಿಡುಗಡೆ ಮಾಡಿದ ಬೇರೊಂದು ಚೌಕಟ್ಟು. ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದಿಲ್ಲ. ಇವೆರಡನ್ನೂ ಅನಗತ್ಯ ದ್ವಿರುಕ್ತಿಯೆಂದು ಭಾವಿಸಿ ಬೆರೆಸಿದರೆ, ಓದುಗನಿಗೆ ದೊರೆಯುವ ಉತ್ತರಗಳಲ್ಲಿ ಅರ್ಧ ಅವನನ್ನು ದಾರಿ ತಪ್ಪಿಸುತ್ತವೆ. ಭತ್ತದ ಗದ್ದೆಯಲ್ಲಿ ಎಳೆಯ ಪೈರನ್ನೇ ಹೋಲುವ ಹುಲ್ಲು ಬೆಳೆಯುವುದುಂಟು. ಎರಡನ್ನೂ ಬಲ್ಲ ರೈತನು ಮಾತ್ರ ಪೈರನ್ನು ಉಳಿಸಿ ಕಳೆಯನ್ನು ಕೀಳಬಲ್ಲನು. ವಿಷಯವನ್ನು ಅರಿಯದವನು ಹೆಸರಿನ ಹೋಲಿಕೆಯನ್ನಷ್ಟೇ ನೋಡಿ ಮಾಡುವ ಶುದ್ಧೀಕರಣವು ಗೊಂದಲಕ್ಕಿಂತಲೂ ಹೆಚ್ಚಿನ ಹಾನಿಯನ್ನುಂಟುಮಾಡುತ್ತದೆ.

ಹಳೆಯದೆಂಬ ಕಾರಣಕ್ಕೆ ಹೆಸರನ್ನು ಅಳಿಸುವುದೂ ಸಲ್ಲದು. ಪೈಥಾನ್ ಭಾಷೆಯ ಎರಡನೆಯ ಆವೃತ್ತಿಗೆ ಅದರ ನಿರ್ಮಾಪಕರ ಬೆಂಬಲ 2020ರ ಜನವರಿ 1ರಂದು ಕೊನೆಗೊಂಡಿತು. ಆದರೂ ಆ ಆವೃತ್ತಿಯಲ್ಲಿ ಬರೆದ ಕ್ರಮವಿಧಿಗಳು ಒಮ್ಮೆಗೇ ಮಾಯವಾಗಲಿಲ್ಲ. ಅವುಗಳನ್ನು ನೋಡಿಕೊಳ್ಳುವವನಿಗೆ ಹಳೆಯ ಚೀಟಿಯೇ ಆಧಾರ.

ಇನ್ನು ಕೆಲವು ಟ್ಯಾಗುಗಳಿಗೆ ಸಮಾನಾರ್ಥಕವೂ ಇಲ್ಲ, ಸ್ಪಷ್ಟವಾದ ಅರ್ಥವೂ ಇಲ್ಲ. 'ಆರಂಭಿಕ', 'ಉತ್ತಮ ಪದ್ಧತಿ', 'ಅಭಿಪ್ರಾಯ' ಎಂಬ ಬಗೆಯ ಚೀಟಿಗಳು ಇಂಥವು. ಇವು ಪ್ರಶ್ನೆಯ ವಿಷಯವನ್ನು ತಿಳಿಸದೆ, ಪ್ರಶ್ನೆಯ ಗುಣವನ್ನೋ ಕೇಳುವವನ ಸ್ಥಿತಿಯನ್ನೋ ತಿಳಿಸುತ್ತವೆ. ಒಬ್ಬನಿಗೆ ಆರಂಭಿಕವಾದುದು ಇನ್ನೊಬ್ಬನಿಗೆ ಪ್ರೌಢವಾಗಿರಬಹುದು. 2010ರಲ್ಲಿ ಆಟ್‌ವುಡ್ ಅವರು ಇಂಥ ಟ್ಯಾಗುಗಳನ್ನು ಕೈಬಿಡಬೇಕೆಂದು ಪ್ರಕಟಿಸಿ, ಅವುಗಳನ್ನು ಗುರುತಿಸಲು ಸರಳವಾದ ಪರೀಕ್ಷೆಯೊಂದನ್ನು ಸೂಚಿಸಿದರು. ಆ ಚೀಟಿಯೊಂದೇ ಪ್ರಶ್ನೆಯ ಮೇಲಿದ್ದರೆ ಪ್ರಶ್ನೆಯು ಯಾವುದನ್ನು ಕುರಿತದ್ದೆಂದು ತಿಳಿಯುವುದೇ? ತಿಳಿಯದಿದ್ದರೆ ಅದು ನಿಜವಾದ ವಿಷಯಸೂಚಕವಲ್ಲ. ಜನರು ಒಂದೇ ಚೀಟಿಗೆ ಬೇರೆ ಬೇರೆ ಅರ್ಥಗಳನ್ನು ಮಾಡುವುದಾದರೆ ಅದೂ ದೋಷವೇ.

ಈ ಬಗೆಯಲ್ಲಿ ಹೆಚ್ಚು ಚರ್ಚೆಗೆ ಗುರಿಯಾದುದು 'ಮನೆಪಾಠ' ಎಂಬ ಅರ್ಥದ ಟ್ಯಾಗ್. ವಿದ್ಯಾರ್ಥಿಗಳಿಗೆ ಶಾಲಾ ಕಾಲೇಜುಗಳಲ್ಲಿ ಕೊಟ್ಟ ಅಭ್ಯಾಸಗಳಿಂದ ಹುಟ್ಟಿದ ಪ್ರಶ್ನೆಗಳಿಗೆ ಈ ಚೀಟಿಯನ್ನು ಹಚ್ಚಲಾಗುತ್ತಿತ್ತು. ಇದು ಇದ್ದರೆ ಉತ್ತರಿಸುವವರು ಪೂರ್ಣ ಉತ್ತರವನ್ನು ಕೊಟ್ಟುಬಿಡದೆ ದಾರಿಯನ್ನು ಮಾತ್ರ ತೋರಿಸಬಹುದು, ಇದರಿಂದ ವಿದ್ಯಾರ್ಥಿಗೇ ಹಿತ ಎಂಬುದು ಒಂದು ಪಕ್ಷ. ಪ್ರಶ್ನೆ ಎಲ್ಲಿಂದ ಬಂದಿತೆಂಬುದು ಮುಖ್ಯವಲ್ಲ, ಅದು ಸ್ಪಷ್ಟವಾಗಿದೆಯೇ ಎಂಬುದೇ ಮುಖ್ಯ; ಕೇಳುವವನು ಬಯಸದಿದ್ದರೂ ಇತರರು ಅವನ ಮೇಲೆ ಈ ಚೀಟಿ ಅಂಟಿಸುವುದು ಅವನನ್ನು ಕೀಳಾಗಿ ಕಂಡಂತಾಗುತ್ತದೆ ಎಂಬುದು ಇನ್ನೊಂದು ಪಕ್ಷ. ಎರಡೂ ಮಾತುಗಳಲ್ಲಿ ತಥ್ಯವಿತ್ತು. ಕೊನೆಗೆ 2012ರಲ್ಲಿ ಆ ಟ್ಯಾಗನ್ನು ಕೈಬಿಡುವ ನಿರ್ಧಾರವಾಯಿತು. ವಿಷಯವನ್ನು ಹೇಳಬೇಕಾದ ಚೀಟಿಯು ವ್ಯಕ್ತಿಯನ್ನು ಕುರಿತು ಹೇಳತೊಡಗಿದರೆ ಅದು ತನ್ನ ಕರ್ತವ್ಯವನ್ನು ಮೀರಿದಂತೆಯೇ ಸರಿ.

ಹೀಗೆ ಟ್ಯಾಗೊಂದನ್ನು ಪೂರ್ತಿಯಾಗಿ ತೆಗೆದುಹಾಕಬೇಕಾದಾಗ ಬಹಿರಂಗ ಚರ್ಚೆ ನಡೆಯುತ್ತದೆ. ಆ ಚೀಟಿಯು ತಾನಿರುವ ಪ್ರಶ್ನೆಗಳ ವಿಷಯವನ್ನು ಸಂದಿಗ್ಧವಿಲ್ಲದೆ ತಿಳಿಸುತ್ತದೆಯೇ? ಅದು ಸೂಚಿಸುವ ವಿಷಯಕ್ಕೆ ಆ ತಾಣದಲ್ಲಿ ಎಡೆಯುಂಟೇ? ಅದರಿಂದ ಪ್ರಶ್ನೆಗೆ ಏನಾದರೂ ಹೆಚ್ಚಿನ ಮಾಹಿತಿ ಸೇರುತ್ತದೆಯೇ? ಎಲ್ಲ ಸಂದರ್ಭಗಳಲ್ಲಿಯೂ ಅದಕ್ಕೆ ಒಂದೇ ಅರ್ಥವಿದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿದ ಬಳಿಕವೇ ಕೆಲಸಕ್ಕೆ ಕೈಹಾಕಬೇಕೆಂಬುದು ನಿಯಮ. ಯಂತ್ರಕ್ಕೆ ಅಪ್ಪಣೆ ಕೊಟ್ಟರೆ ಕ್ಷಣಮಾತ್ರದಲ್ಲಿ ಚೀಟಿಯನ್ನು ಎಲ್ಲ ಪ್ರಶ್ನೆಗಳಿಂದಲೂ ಕಿತ್ತುಹಾಕಬಹುದು. ಆದರೆ ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತೆ ಆಗಬಾರದಷ್ಟೆ. ಆ ಚೀಟಿಯೊಂದೇ ಇದ್ದ ಪ್ರಶ್ನೆಗಳು ಆಗ ಯಾವ ಗುರುತೂ ಇಲ್ಲದೆ ಅನಾಥವಾಗುತ್ತವೆ. ಆದುದರಿಂದ ಸ್ವಯಂಸೇವಕರು ಪ್ರಶ್ನೆಗಳನ್ನು ಒಂದೊಂದಾಗಿ ತೆರೆದು ಓದಿ, ಬೇಡದ ಚೀಟಿಯನ್ನು ತೆಗೆದು, ತಕ್ಕ ಚೀಟಿಯನ್ನು ಹಚ್ಚುತ್ತಾರೆ. ಭಾಷಾದೋಷಗಳಿದ್ದರೆ ಅವನ್ನೂ ತಿದ್ದುತ್ತಾರೆ. ಇದು ಬೇಸರದ ಕೆಲಸ. ಇದಕ್ಕೆ ಸಂಬಳವಿಲ್ಲ, ಇದರಿಂದ ಉಪಕೃತರಾದವರಿಗೆ ಇಂಥದೊಂದು ಕೆಲಸ ನಡೆಯಿತೆಂಬುದೂ ಸಾಮಾನ್ಯವಾಗಿ ತಿಳಿಯುವುದಿಲ್ಲ.

ಹೆಸರಿನ ಆಯ್ಕೆಯಲ್ಲಿ ಅನುಕೂಲವೊಂದೇ ಅಲ್ಲ, ನ್ಯಾಯದ ಪ್ರಶ್ನೆಯೂ ಅಡಗಿರುತ್ತದೆ. ಅಮೆರಿಕದ ಸಂಸತ್ತಿನ ಗ್ರಂಥಾಲಯವು 1898ರಿಂದ ವಿಷಯನಾಮಗಳ ಪಟ್ಟಿಯೊಂದನ್ನು ಬೆಳೆಸುತ್ತ ಬಂದಿದ್ದು, ಜಗತ್ತಿನ ಅನೇಕ ಗ್ರಂಥಾಲಯಗಳು ಅದನ್ನು ಅನುಸರಿಸುತ್ತವೆ. ಅದರಲ್ಲಿ ಅನುಮತಿಯಿಲ್ಲದೆ ದೇಶದಲ್ಲಿ ನೆಲೆಸಿದವರನ್ನು 'ಅಕ್ರಮ ಪರಕೀಯರು' ಎಂಬರ್ಥದ ಹೆಸರಿನಿಂದ ಸೂಚಿಸಲಾಗುತ್ತಿತ್ತು. ಮನುಷ್ಯರನ್ನೇ ಅಕ್ರಮವೆನ್ನುವ ಈ ಹೆಸರು ಅವಮಾನಕರವೆಂದು 2014ರಲ್ಲಿ ಡಾರ್ಟ್‌ಮತ್ ಕಾಲೇಜಿನ ವಿದ್ಯಾರ್ಥಿಗಳು ಆಕ್ಷೇಪಿಸಿದರು. 2016ರಲ್ಲಿ ಗ್ರಂಥಾಲಯವು ಅದನ್ನು ಬದಲಿಸುವುದಾಗಿ ಸಾರಿತು. ಸಂಸತ್ತಿನಲ್ಲಿ ವಿರೋಧ ಎದ್ದಿತು. ಕೊನೆಗೆ 2021ರಲ್ಲಿ ಆ ಹೆಸರನ್ನು ಕೈಬಿಟ್ಟು ಬೇರೆ ಹೆಸರುಗಳನ್ನು ಗೊತ್ತುಪಡಿಸಲಾಯಿತು. ಸೂಚಿಯಲ್ಲಿನ ಎರಡು ಪದಗಳನ್ನು ತಿದ್ದಲು ಏಳು ವರ್ಷಗಳು ಹಿಡಿದವೆಂದರೆ ಹೆಸರಿನ ಮಹತ್ತ್ವ ಎಷ್ಟೆಂಬುದನ್ನು ಊಹಿಸಬಹುದು.

ಯಂತ್ರಗಳೇ ಮಾತನ್ನು ಅರ್ಥಮಾಡಿಕೊಂಡು ಉತ್ತರಿಸುವಂತಾಗಿರುವ ಈ ದಿನಗಳಲ್ಲಿ ಚೀಟಿಗಳ ಗೊಡವೆ ಏಕೆಂದು ಕೆಲವರು ಕೇಳಬಹುದು. 2022ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಸಂಭಾಷಣಾ ಸಾಧನಗಳು ಬಳಕೆಗೆ ಬಂದ ತರುವಾಯ, ಸ್ಟಾಕ್ ಓವರ್‌ಫ್ಲೋದಲ್ಲಿ ಕೇಳಲಾಗುವ ಹೊಸ ಪ್ರಶ್ನೆಗಳು ಬಹಳವಾಗಿ ಕಡಿಮೆಯಾಗಿರುವುದು ನಿಜ. ಪರ್ಯಾಯಪದಗಳನ್ನು ಗುರುತಿಸುವಲ್ಲಿ ಯಂತ್ರಗಳು ಸಾಕಷ್ಟು ಚತುರವಾಗಿರುವುದೂ ನಿಜ. ಆದರೆ ಹೆಸರಿನ ಗೊಂದಲ ಮಾತ್ರ ಉಳಿದೇ ಇದೆ. ಎರಡು ವಸ್ತುಗಳು ಒಂದೇ ಹೌದೋ ಅಲ್ಲವೋ, ಯಾವ ಹೆಸರು ಸ್ಪಷ್ಟ, ಯಾವ ಹೆಸರು ಮನನೋಯಿಸುವಂಥದು ಎಂಬುದನ್ನು ತೀರ್ಮಾನಿಸಲು ವಸ್ತುವಿನ ತಿಳಿವಳಿಕೆಯೂ ಜನರ ಒಪ್ಪಿಗೆಯೂ ಬೇಕು. ಯಂತ್ರವು ಸಲಹೆ ಕೊಡಬಹುದು. ಹೊಣೆಯನ್ನು ಹೊರಬೇಕಾದವರು ಮನುಷ್ಯರೇ.

ಕಟರ್ ಅವರ ಸೂಚಿಯಿಂದ ಇಂದಿನ ಟ್ಯಾಗುಗಳವರೆಗೆ ಸಾಧನಗಳು ಬದಲಾಗಿವೆ, ಧ್ಯೇಯ ಬದಲಾಗಿಲ್ಲ. ತಿಳಿದವನು ಬರೆದಿಟ್ಟದ್ದು ತಿಳಿಯಬಯಸುವವನನ್ನು ತಲಪಬೇಕು. ಇವರಿಬ್ಬರೂ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಕಾಲಗಳಲ್ಲಿ ಇರುವವರು. ಒಬ್ಬರನ್ನೊಬ್ಬರು ಎಂದೂ ಕಾಣದವರು. ಅವರ ನಡುವೆ ಇರುವ ಸೇತುವೆ ಎಂದರೆ ಒಂದು ಹೆಸರು. ಆ ಹೆಸರು ಸರಿಯಾಗಿರುವಂತೆ ನೋಡಿಕೊಳ್ಳುವವರು ಹೊಸ ಜ್ಞಾನವನ್ನು ಸೃಷ್ಟಿಸುವುದಿಲ್ಲ. ಆದರೆ ಸೃಷ್ಟಿಯಾದ ಜ್ಞಾನವು ಕಳೆದುಹೋಗದಂತೆ ಕಾಯುತ್ತಾರೆ.